ಹೊಳೆಯಿಲ್ಲದ ಕಣಿವೆ

ಕಣಿವೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅದರ ತಳದಲ್ಲಿ ಹರಿಯುವ ಹೊಳೆ. ಕಣಿವೆಯನ್ನು ಕೊರೆದದ್ದೇ ಹೊಳೆ. ಹೊಳೆಯಿಲ್ಲದೆ ಕಣಿವೆ ಹುಟ್ಟದು. ಶಾಲೆಯ ಭೂಗೋಳ ಪಾಠದಲ್ಲಿ ನಾವು ಕಲಿತದ್ದು ಇದನ್ನೇ. ಹೀಗಿರುವಾಗ, ಎರಡು ಪಕ್ಕಗಳಲ್ಲಿ ಕಡಿದಾದ ಬಂಡೆಗಳು, ನಡುವೆ ಹೊಳೆಯ ಪಾತ್ರದಂತೆಯೇ ಬಳುಕುತ್ತ ಇಳಿಯುವ ತಳ, ಇವೆಲ್ಲವೂ ಇದ್ದು ನೀರು ಮಾತ್ರ ಒಂದು ಹನಿಯೂ ಇಲ್ಲದ ಕಣಿವೆಯೊಂದು ಎದುರಾದರೆ ನಾವು ಏನೆಂದು ತಿಳಿಯಬೇಕು?

ಇಂತಹ ಕಣಿವೆಯೊಂದು ಇಂಗ್ಲೆಂಡಿನ ಉತ್ತರಭಾಗದ ಯಾರ್ಕ್‌ಷೈರ್ ಪ್ರಾಂತದಲ್ಲಿದೆ. ಅದರ ಹೆಸರು ವಾಟ್ಲೋಸ್. ಅದರ ಕೆಳಗೆ ಮಾಲಮ್ ಎಂಬ ಚಿಕ್ಕ ಹಳ್ಳಿ ಇದೆ. ಈ ಪ್ರದೇಶವೆಲ್ಲ 1954ರಲ್ಲಿ ಸ್ಥಾಪಿತವಾದ ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಹಳ್ಳಿಯ ಸುತ್ತ ಹಸುರು ಹುಲ್ಲುಗಾವಲು. ಅದರಲ್ಲಿ ಮೇಯುವ ಕುರಿಗಳು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಬಿಳಿ ಗೋಡೆಗಳು ಗುಡ್ಡದಿಂದ ಗುಡ್ಡಕ್ಕೆ ಹಬ್ಬಿವೆ. ನೋಡಲು ಪ್ರಶಾಂತವಾದ ಈ ನೋಟದ ಹಿಂದೆ ಒಂದು ವಿಚಾರಣೆ ನಡೆದಿದೆ. ನೆಲದ ಮೇಲಿಂದ ಕಾಣೆಯಾದ ಹೊಳೆಯ ವಿಚಾರಣೆ ಅದು. ವಾಚಕರನ್ನು ಈ ಕಣಿವೆಯಲ್ಲಿ ಮನಸ್ಸಿನಿಂದಲೇ ಒಂದು ಸುತ್ತು ನಡೆಯಿಸಿ, ಆ ವಿಚಾರಣೆಯ ಕಥೆಯನ್ನು ಹೇಳಬೇಕೆಂಬುದು ನಮ್ಮ ಉದ್ದೇಶ.

ಹಳ್ಳಿಯಿಂದ ಸರೋವರಕ್ಕೆ

ಹಳ್ಳಿಯಿಂದ ಉತ್ತರಕ್ಕೆ ಸುಮಾರು ಒಂದು ಕಿಲೊಮೀಟರ್ ನಡೆದರೆ ದಾರಿಗೆ ಅಡ್ಡವಾಗಿ ಒಂದು ಮಹಾಭಿತ್ತಿ ಎದ್ದು ನಿಲ್ಲುತ್ತದೆ. ಇದೇ ಮಾಲಮ್ ಕೋವ್. ಅರ್ಧಚಂದ್ರನಂತೆ ಬಾಗಿದ ಈ ಸುಣ್ಣಕಲ್ಲಿನ ಬಂಡೆಯ ಎತ್ತರ ಸುಮಾರು 80 ಮೀಟರ್. ಅಗಲ ಸುಮಾರು 300 ಮೀಟರ್. ನಮ್ಮ ಊರುಗಳ ಇಪ್ಪತ್ತು ಅಂತಸ್ತಿನ ಕಟ್ಟಡವನ್ನು ಇದರ ಮುಂದೆ ನಿಲ್ಲಿಸಿದರೂ ಅದು ಬಂಡೆಯ ನೆತ್ತಿಯನ್ನು ಮುಟ್ಟಲಾರದು. ಬಂಡೆಯ ಬುಡದಲ್ಲಿ ಒಂದು ತಗ್ಗಾದ ಬಿರುಕು. ಅದರೊಳಗಿಂದ ಸದ್ದಿಲ್ಲದೆ ತಿಳಿನೀರಿನ ಹೊಳೆಯೊಂದು ಹೊರಬರುತ್ತದೆ. ಅದು ಹಳ್ಳಿಯ ನಡುವೆ ಹರಿದು ಹೋಗಿ, ಮುಂದೆ ಏರ್ ನದಿಯನ್ನು ಸೇರುತ್ತದೆ.

ಪಕ್ಕದ ಮೆಟ್ಟಿಲುಗಳನ್ನು ಹತ್ತಿ ಬಂಡೆಯ ನೆತ್ತಿಗೆ ಬಂದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಅಲ್ಲಿ ನೆಲವೆಲ್ಲ ಬರಿಯ ಕಲ್ಲು; ಯಾರೋ ಚಪ್ಪಡಿ ಹಾಸಿದಂತೆ ಸಮತಟ್ಟು. ಆದರೆ ಚಪ್ಪಡಿ ಚಪ್ಪಡಿಗಳ ನಡುವೆ ಕಾಲು ಇಳಿಯುವಷ್ಟು ಅಗಲವಾದ, ಕೆಲವೆಡೆ ಆಳುದ್ದ ಆಳವಾದ ಸೀಳುಗಳಿವೆ. ಅಲ್ಲಿಯ ಜನ ಚಪ್ಪಡಿಗೆ ಕ್ಲಿಂಟ್ ಎಂದೂ ಸೀಳಿಗೆ ಗ್ರೈಕ್ ಎಂದೂ ಹೆಸರಿಟ್ಟಿದ್ದಾರೆ. ಮೇಲೆ ಗಾಳಿ ಬಿಸಿಲುಗಳಿಗೆ ಬರಿದಾದ ಕಲ್ಲು. ಸೀಳಿನೊಳಗೆ ಇಣಿಕಿ ನೋಡಿದರೆ ತಂಪು ನೆರಳಿನಲ್ಲಿ ಬೆಳೆದ ಜರಿಗಿಡಗಳು. ಕುರಿಯ ಬಾಯಿಗೆ ಎಟುಕದ ಆ ಇಕ್ಕಟ್ಟು ಅವುಗಳಿಗೆ ಆಶ್ರಯ.

ಈ ಕಲ್ಲುಹಾಸಿನ ಹಿಂದೆಯೇ ವಾಟ್ಲೋಸ್ ಕಣಿವೆಯ ಬಾಯಿ. ರಜಾ ದಿನಗಳಲ್ಲಿ ಕೋವ್ ನೋಡಲು ಬರುವ ಜನಸಂದಣಿ ಇಲ್ಲಿಗೆ ಬರುವ ಹೊತ್ತಿಗೆ ತೆಳುವಾಗುತ್ತದೆ. ಎಲ್ಲ ಕಣಿವೆಗಳಲ್ಲಿಯೂ ಕೇಳುವ ನೀರಿನ ಸದ್ದು ಇಲ್ಲಿ ಇಲ್ಲವೆಂಬುದನ್ನು ನಮ್ಮ ಕಿವಿ ಮೊದಲು ಗುರುತಿಸುತ್ತದೆ, ಕಣ್ಣು ಆಮೇಲೆ. ಕಣಿವೆಯನ್ನು ಹತ್ತಿ, ಕೋವ್‌ನಿಂದ ಸುಮಾರು ಎರಡು ಕಿಲೊಮೀಟರ್ ದೂರ ಬಂದರೆ ನಮಗೆ ಕೊನೆಗೂ ಒಂದು ತೊರೆ ಸಿಗುತ್ತದೆ. ಅದು ಉತ್ತರದಿಂದ ನಮ್ಮ ಕಡೆಗೇ ಚುರುಕಾಗಿ ಹರಿದು ಬರುತ್ತಿದೆ. ಆದರೆ ನಮ್ಮ ಕಣ್ಣೆದುರಿನಲ್ಲಿಯೇ, ಕಲ್ಲುಗಳ ನಡುವೆ ಸಣ್ಣದಾಗುತ್ತ ಹೋಗಿ, ಮಾಯವಾಗಿಬಿಡುತ್ತದೆ. ಗುಹೆಯೂ ಇಲ್ಲ, ಮಡುವೂ ಇಲ್ಲ. ಈ ತಾಣಕ್ಕೆ ವಾಟರ್ ಸಿಂಕ್ಸ್, ಎಂದರೆ ನೀರು ಇಂಗುವ ಎಡೆ, ಎಂದೇ ಹೆಸರು.

ತೊರೆಯ ಮೂಲವನ್ನು ಹುಡುಕಿ ಇನ್ನೂ ಮುಂದೆ ಹೋದರೆ ಮಾಲಮ್ ಟಾರ್ನ್ ಎಂಬ ಸರೋವರ ಕಾಣುತ್ತದೆ. ಸಮುದ್ರಮಟ್ಟದಿಂದ 377 ಮೀಟರ್ ಎತ್ತರದಲ್ಲಿರುವ ಈ ಸರೋವರದ ಸರಾಸರಿ ಆಳ ಎರಡೂವರೆ ಮೀಟರಿಗೂ ಕಡಮೆ. ಇದು ಮತ್ತೊಂದು ಒಗಟು. ತೊರೆಯನ್ನೇ ನುಂಗುವ ನೆಲದಲ್ಲಿ ಇಡೀ ಸರೋವರವೊಂದು ನಿಂತಿರುವುದು ಹೇಗೆ?

ಹೀಗೆ ನಮ್ಮ ಮುಂದೆ ಈಗ ಮೂರು ಪ್ರಶ್ನೆಗಳಿವೆ. ನೆಲವು ಹೊಳೆಯನ್ನು ನುಂಗುವುದು ಹೇಗೆ? ನೀರಿಲ್ಲದ ಕಣಿವೆಯನ್ನು ಕೊರೆದವರು ಯಾರು? ನುಂಗಿದ ನೀರು ಹೋಗುವುದೆಲ್ಲಿಗೆ?

ಕಲ್ಲು ಕರಗುವ ಬಗೆ

ಮೊದಲನೆಯ ಪ್ರಶ್ನೆಗೆ ಉತ್ತರ ಪ್ರತಿ ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿಯೂ ಇದೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ವಿದ್ಯಾರ್ಥಿಗಳೆಲ್ಲ ನೋಡಿರುತ್ತಾರೆ. ಉಸಿರಿನಲ್ಲಿರುವ ಇಂಗಾಲದ ಡೈ ಆಕ್ಸೈಡ್ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಉಂಟಾದದ್ದೇ ಈ ಬಿಳುಪಿಗೆ ಕಾರಣ. ಅನೇಕರು ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸದೆ ಊದುತ್ತಲೇ ಹೋದರೆ ಬಿಳುಪು ಕ್ರಮೇಣ ಮಾಯವಾಗಿ ನೀರು ಮತ್ತೆ ತಿಳಿಯಾಗುತ್ತದೆ! ಹೆಚ್ಚಾದ ಇಂಗಾಲದ ಡೈ ಆಕ್ಸೈಡ್ ನೀರಿನಲ್ಲಿ ಕರಗಿ ದುರ್ಬಲವಾದೊಂದು ಆಮ್ಲವಾಗುತ್ತದೆ. ಅದು ಕರಗದ ಕಾರ್ಬೊನೇಟನ್ನು ಕರಗುವ ಬೈಕಾರ್ಬೊನೇಟಾಗಿ ಮಾರ್ಪಡಿಸುತ್ತದೆ. ಆ ತಿಳಿನೀರನ್ನು ಕಾಯಿಸಿದರೆ ಅನಿಲ ಹೊರಟುಹೋಗಿ ಬಿಳುಪು ಮರಳಿ ಬರುತ್ತದೆ.

ಈ ಗಾಜಿನ ನಳಿಕೆಯಲ್ಲಿ ನಡೆದುದೇ ಮಾಲಮ್ಮಿನ ಗುಡ್ಡಗಳಲ್ಲಿಯೂ ನಡೆಯುತ್ತಿದೆ. ಅಲ್ಲಿಯ ಸುಣ್ಣಕಲ್ಲು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟೇ. ಮೂವತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಆ ಭೂಭಾಗ ಸಮಭಾಜಕವೃತ್ತದ ಸಮೀಪದಲ್ಲಿದ್ದು ಬೆಚ್ಚನೆಯ ಆಳವಿಲ್ಲದ ಕಡಲಿನಲ್ಲಿ ಮುಳುಗಿದ್ದಾಗ, ಅಲ್ಲಿಯ ಜೀವಿಗಳ ಚಿಪ್ಪು ಕವಚಗಳು ತಳದಲ್ಲಿ ಪದರ ಪದರವಾಗಿ ಕೂಡಿ ಗಟ್ಟಿಯಾದ ಕಲ್ಲು ಅದು. ಮಳೆಯ ನೀರು ಗಾಳಿಯಿಂದ ಸ್ವಲ್ಪ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಬೀಳುತ್ತದೆ. ಮಣ್ಣಿನೊಳಗೆ ಇಳಿದಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಅದೇ ಅನಿಲವನ್ನು ಇನ್ನೂ ಅನೇಕ ಪಾಲು ಹೆಚ್ಚಾಗಿ ಪಡೆಯುತ್ತದೆ. ಕಲಬುರಗಿ ಸೀಮೆಯ ಶಹಾಬಾದ ಕಲ್ಲೂ ಸುಣ್ಣಕಲ್ಲಿನ ಜಾತಿಯದೇ. ಅದನ್ನು ಹಾಸಿದ ನೆಲದ ಮೇಲೆ ನಿಂಬೆಯ ರಸ ಚೆಲ್ಲಿ ಬಿಟ್ಟರೆ ಆ ಜಾಗದ ಹೊಳಪು ಹೋಗುವುದು ಏಕೆಂದು ಈಗ ವಾಚಕರು ತಾವೇ ಹೇಳಬಲ್ಲರು.

ಆದರೆ ಕಲ್ಲು ಎಲ್ಲ ಕಡೆಯೂ ಸಮನಾಗಿ ಕರಗುವುದಿಲ್ಲ. ಗಟ್ಟಿ ಸುಣ್ಣಕಲ್ಲು ತಾನಾಗಿ ನೀರನ್ನು ಹೀರುವುದು ಅತ್ಯಲ್ಪ. ಭೂಚಲನೆಗಳಿಂದ ಅದರಲ್ಲಿ ಉಂಟಾದ ಕೂದಲೆಳೆಯ ಬಿರುಕುಗಳೇ ನೀರಿಗೆ ದಾರಿ. ಯಾವ ಬಿರುಕಿನಲ್ಲಿ ಸ್ವಲ್ಪ ಹೆಚ್ಚು ನೀರು ಇಳಿಯಿತೋ ಆ ಬಿರುಕು ಸ್ವಲ್ಪ ಹೆಚ್ಚು ಅಗಲವಾಯಿತು. ಅಗಲವಾದುದರಿಂದ ಇನ್ನೂ ಹೆಚ್ಚು ನೀರು ಅದರೊಳಕ್ಕೇ ಇಳಿಯಿತು. ಹಣವಿದ್ದವನ ಬಳಿಗೇ ಹಣ ಹೋಗುವಂತೆ, ಮೊದಲು ದೊಡ್ಡದಾದ ಬಿರುಕೇ ಮುಂದೆ ಕಾಲುವೆಯಾಗುತ್ತದೆ, ಗುಹೆಯಾಗುತ್ತದೆ. ನೆಲದ ಕೆಳಗೆ ಇಂತಹ ದಾರಿಗಳ ಜಾಲ ಒಮ್ಮೆ ಏರ್ಪಟ್ಟಿತೆಂದರೆ ಮೇಲಿನ ಹೊಳೆಗೆ ಅಲ್ಲಿ ಉಳಿಯಲು ಕಾರಣವೇ ಇಲ್ಲ.

ಸರೋವರದ ಒಗಟೂ ಇಲ್ಲಿಯೇ ಬಿಡುತ್ತದೆ. ಮಾಲಮ್ ಟಾರ್ನ್ ನಿಂತಿರುವುದು ಸುಣ್ಣಕಲ್ಲಿನ ಮೇಲಲ್ಲ. ಅದಕ್ಕಿಂತಲೂ ಹಳೆಯದಾದ, ನೀರನ್ನು ಒಳಬಿಡದ ಸ್ಲೇಟಿನ ಜಾತಿಯ ಶಿಲೆಯ ಮೇಲೆ. ಹಿಮನದಿ ತಂದು ಸುರಿದ ಮಣ್ಣುಕಲ್ಲುಗಳು ಅದಕ್ಕೆ ಏರಿಯಾಗಿವೆ. ನೆಲವು ಸೀಳಿ ಒಂದು ಪಕ್ಕ ಮೇಲಕ್ಕೂ ಇನ್ನೊಂದು ಪಕ್ಕ ಕೆಳಕ್ಕೂ ಸರಿದಿರುವ ಸ್ತರಭಂಗವೊಂದು ಸರೋವರದ ದಕ್ಷಿಣಕ್ಕೆ ಹಾದುಹೋಗುತ್ತದೆ. ಸರೋವರದಿಂದ ಹೊರಟ ತೊರೆ ಆ ಗೆರೆಯನ್ನು ದಾಟಿ ಸುಣ್ಣಕಲ್ಲಿನ ಮೇಲೆ ಕಾಲಿಟ್ಟ ಸ್ವಲ್ಪ ದೂರದಲ್ಲಿಯೇ ಇಂಗಿಹೋಗುತ್ತದೆ.

ಮಳೆಯ ಗಡಿಯಾರ

ಈ ಕರಗುವಿಕೆ ಎಷ್ಟು ನಿಧಾನ? ಒಂದು ಸ್ಥೂಲವಾದ ಲೆಕ್ಕ ಹಾಕೋಣ. ಆವಿಯಾದುದನ್ನು ಕಳೆದು ವರ್ಷಕ್ಕೆ ಒಂದು ಮೀಟರ್ ಮಳೆಯ ನೀರು ಬರಿಯ ಕಲ್ಲಿನ ಮೇಲೆ ಹರಿದು ಹೋಗುತ್ತದೆಂದು ಇಟ್ಟುಕೊಳ್ಳೋಣ. ಒಂದು ಚದರ ಮೀಟರಿಗೆ ಇದು 1000 ಲೀಟರ್ ಆಯಿತು. ಗಾಳಿಯಿಂದ ಮಾತ್ರ ಇಂಗಾಲದ ಡೈ ಆಕ್ಸೈಡನ್ನು ಪಡೆದ ನೀರು ಲೀಟರಿಗೆ ಹೆಚ್ಚೆಂದರೆ 60 ಮಿಲಿಗ್ರಾಂನಷ್ಟು ಸುಣ್ಣಕಲ್ಲನ್ನು ಕರಗಿಸಬಲ್ಲುದು. ಅಂದರೆ ವರ್ಷಕ್ಕೆ 60 ಗ್ರಾಂ. ಸುಣ್ಣಕಲ್ಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಆದ್ದರಿಂದ ಕರಗಿದ ಗಾತ್ರ ಸುಮಾರು 22 ಘನ ಸೆಂಟಿಮೀಟರ್. ಇದನ್ನು ಒಂದು ಚದರ ಮೀಟರಿಗೆ ಹರಡಿದರೆ ವರ್ಷಕ್ಕೆ ಕೇವಲ 0.022 ಮಿಲಿಮೀಟರ್ ದಪ್ಪದ ಕಲ್ಲು ಸವೆದಂತಾಯಿತು. ನೂರು ವರ್ಷ ಬಾಳಿದ ಮನುಷ್ಯನ ಜೀವಮಾನದಲ್ಲಿ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು!

ಈ ಲೆಕ್ಕ ಕಾಗದದ ಮೇಲಿನದು. ಅದು ಸರಿಯೆಂದು ಪ್ರಕೃತಿಯಿಂದ ಸಾಕ್ಷ್ಯ ಸಿಗುವುದೇ? ಮಾಲಮ್ಮಿನಿಂದ ಸುಮಾರು ಹದಿನೈದು ಕಿಲೊಮೀಟರ್ ಪಶ್ಚಿಮಕ್ಕೆ ನಾರ್ಬರ್ ಎಂಬ ಗುಡ್ಡವಿದೆ. ಅಲ್ಲಿ ಬಿಳಿಯ ಸುಣ್ಣಕಲ್ಲಿನ ನೆಲದ ಮೇಲೆ ಬೇರೆ ಜಾತಿಯ ಕಪ್ಪು ಬಂಡೆಗಳು ಚೆಲ್ಲಾಪಿಲ್ಲಿಯಾಗಿ ಕುಳಿತಿವೆ. ಹಿಮಯುಗದಲ್ಲಿ ಹಿಮನದಿಯೊಂದು ಅವುಗಳನ್ನು ಪಕ್ಕದ ಕಣಿವೆಯಿಂದ ಹೊತ್ತು ತಂದು, ತಾನು ಕರಗುವಾಗ ಅಲ್ಲಿಯೇ ಬಿಟ್ಟುಹೋಯಿತು. ಈ ಬಂಡೆಗಳಲ್ಲಿ ಕೆಲವು ಸುಣ್ಣಕಲ್ಲಿನ ಗಿಡ್ಡ ಪೀಠಗಳ ಮೇಲೆ ನಿಂತಿವೆ. ಬಂಡೆ ತನ್ನ ಕೆಳಗಿನ ಕಲ್ಲಿಗೆ ಕೊಡೆಯಾಯಿತು. ಸುತ್ತಲಿನ ಕಲ್ಲು ಮಳೆಗೆ ಸವೆಯಿತು. ಕೊಡೆಯ ಕೆಳಗಿನದು ಉಳಿಯಿತು. ಆದ್ದರಿಂದ ಪೀಠದ ಎತ್ತರವೇ ಸವೆತದ ಅಳತೆ.

ಬಂಡೆಗಳು ಅಲ್ಲಿಗೆ ಬಂದು ಎಷ್ಟು ಕಾಲವಾಯಿತೆಂಬುದನ್ನು ಭೌತವಿಜ್ಞಾನ ಹೇಳಿದೆ. ಆಕಾಶದಿಂದ ಎಡೆಬಿಡದೆ ಸುರಿಯುವ ವಿಶ್ವಕಿರಣಗಳು ಬಂಡೆಯ ಮೇಲ್ಪದರದಲ್ಲಿ ಕ್ಲೋರಿನ್-36 ಎಂಬ ವಿರಳ ಸಮಸ್ಥಾನಿಯನ್ನು ಉಂಟುಮಾಡುತ್ತವೆ. ಅದು ಎಷ್ಟು ಕೂಡಿದೆಯೆಂದು ಅಳೆದರೆ ಬಂಡೆ ಬಯಲಿಗೆ ಬಂದ ಕಾಲ ತಿಳಿಯುತ್ತದೆ. ನಾರ್ಬರಿನ ಬಂಡೆಗಳಿಗೆ ಬಂದ ಉತ್ತರ ಸುಮಾರು 18,000 ವರ್ಷ. ನಮ್ಮ 0.022 ಮಿಲಿಮೀಟರನ್ನು 18,000ದಿಂದ ಗುಣಿಸಿದರೆ ಸುಮಾರು 40 ಸೆಂಟಿಮೀಟರ್ ಆಗುತ್ತದೆ. ಮಳೆಯ ನೀರು ತನ್ನ ಶಕ್ತಿಯಿದ್ದಷ್ಟನ್ನೂ ಕರಗಿಸುವ ಮೊದಲೇ ಹರಿದುಹೋಗುವುದರಿಂದ ನಿಜವಾದ ಸವೆತ ಇದಕ್ಕಿಂತ ಕಡಮೆಯೇ ಇರಬೇಕು. ನಾರ್ಬರಿನ ಪೀಠಗಳು ಕೆಲವೆಡೆ ಗೇಣುದ್ದ, ಕೆಲವೆಡೆ ಒಂದಡಿಯ ಆಸುಪಾಸು. ಮಳೆ, ಆಮ್ಲ, ವಿಶ್ವಕಿರಣ ಇವು ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಸಾಕ್ಷಿಗಳು. ಆದರೂ ಅವುಗಳ ಹೇಳಿಕೆ ಹೆಚ್ಚುಕಡಮೆ ಒಂದೇ ಆಗಿರುವುದನ್ನು ಗಮನಿಸಬೇಕು.

ಕಣಿವೆಯನ್ನು ಕೊರೆದವರು ಯಾರು?

ಈ ಲೆಕ್ಕದಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ವಾಟ್ಲೋಸಿನಂತಹ ಆಳವಾದ ಕಣಿವೆಯನ್ನು ಮಳೆ ತನ್ನ ಮಂದಗತಿಯಿಂದ ಕರಗಿಸಿಯೇ ಮಾಡಿತೆಂದರೆ ಕಾಲ ಸಾಲದು. ಅಲ್ಲದೆ ಕರಗುವಿಕೆಯಿಂದ ಎಲ್ಲೆಡೆ ಸವೆತವಾಗಬೇಕೇ ಹೊರತು ಹೊಳೆಯ ಪಾತ್ರದಂತೆ ಬಳುಕುವ ಕಾಲುವೆ ಏಕಾಗಬೇಕು? ಕಣಿವೆಯ ಆಕಾರವೇ ಹೇಳುತ್ತದೆ, ಇಲ್ಲಿ ಒಂದು ಕಾಲದಲ್ಲಿ ರಭಸದ ಹೊಳೆ ಹರಿದಿತ್ತು ಎಂದು. ಆದರೆ ಅದು ಆಗ ಏಕೆ ಇಂಗಲಿಲ್ಲ?

ಇದಕ್ಕೆ ಭೂವಿಜ್ಞಾನಿಗಳು ಕೊಡುವ ಉತ್ತರ ಸರಳವೂ ಸುಂದರವೂ ಆಗಿದೆ. ಹಿಮಯುಗದ ಕೊನೆಯಲ್ಲಿ ನೆಲವೇ ಹೆಪ್ಪುಗಟ್ಟಿತ್ತು. ಬಿರುಕುಗಳಲ್ಲಿ ಸೇರಿದ ನೀರು ಮಂಜುಗಡ್ಡೆಯಾಗಿ, ಬಾಟಲಿಗೆ ಬಿರಡೆ ಹಾಕಿದಂತೆ, ಕೆಳಗಿನ ದಾರಿಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಬೇಸಗೆಯಲ್ಲಿ ಹಿಮ ಕರಗಿ ಬಂದ ಅಪಾರ ನೀರಿಗೆ ಮೇಲೆಯೇ ಹರಿಯದೆ ಬೇರೆ ಗತಿಯಿರಲಿಲ್ಲ. ಅದು ಕಲ್ಲುಮರಳುಗಳನ್ನು ಹೊತ್ತು ಹರಿದು ಕಣಿವೆಯನ್ನು ಕೊರೆಯಿತು. ಕೋವಿನ ನೆತ್ತಿಯಿಂದ ಜಲಪಾತವಾಗಿ ಧುಮುಕಿತು. ಕೋವಿನ ದಕ್ಷಿಣಕ್ಕೆ ಇನ್ನೊಂದು ಸ್ತರಭಂಗವಿದೆ. ಬಂಡೆಯ ಭಿತ್ತಿ ಮೊದಲು ಹುಟ್ಟಿದ್ದು ಅಲ್ಲಿ. ನೀರು ಹಿಮಗಳ ಸವೆತಕ್ಕೆ ಸಿಕ್ಕಿ ಅದು ಹಿಂದಕ್ಕೆ ಸರಿಯುತ್ತ ಈಗಿನ ಸ್ಥಳಕ್ಕೆ ಬಂದಿದೆಯೆಂದು ತಿಳಿಯಲಾಗಿದೆ. ಮುಂದೆ ವಾಯುಗುಣ ಬೆಚ್ಚಗಾಯಿತು, ಬಿರಡೆ ಕರಗಿತು, ಹೊಳೆ ನೆಲದೊಳಕ್ಕೆ ಇಳಿಯಿತು. ಹೊಳೆ ಹೋದರೂ ಕಣಿವೆ ಉಳಿಯಿತು.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಒಂದು ದಿನ ಪ್ರಕೃತಿಯೇ ಪ್ರಾತ್ಯಕ್ಷಿಕೆ ನಡೆಸಿತು. 2015ರ ಡಿಸೆಂಬರ್ ಆರಂಭದಲ್ಲಿ ಡೆಸ್ಮಂಡ್ ಎಂದು ಹೆಸರಿಟ್ಟ ಬಿರುಗಾಳಿ ಉತ್ತರ ಇಂಗ್ಲೆಂಡಿನ ಮೇಲೆ ಅತಿವೃಷ್ಟಿಯನ್ನು ಸುರಿಸಿತು. ಇಂಗುವ ದಾರಿಗಳೆಲ್ಲ ತುಂಬಿ ತುಳುಕಿದುವು. ಡಿಸೆಂಬರ್ 6ರಂದು ವಾಟ್ಲೋಸಿನಲ್ಲಿ ಹೊಳೆ ಹರಿಯಿತು. ಕೋವಿನ ಮೇಲಿಂದ ಜಲಪಾತ ಧುಮುಕಿತು. ಈಗ ಬದುಕಿರುವವರ ನೆನಪಿನಲ್ಲಿ ಅದೇ ಮೊದಲು. ಸ್ವಲ್ಪ ಹೊತ್ತಿನ ಬಳಿಕ ಮಳೆ ಇಳಿಯಿತು, ಕಣಿವೆ ಮತ್ತೆ ಒಣಗಿತು. ಮಂಜುಗಡ್ಡೆ ಬಿರುಕನ್ನು ಮುಚ್ಚಿದರೇನು, ಮಿತಿಮೀರಿದ ಮಳೆ ಅದನ್ನು ತುಂಬಿದರೇನು? ಒಳದಾರಿ ಸಾಲದಾದಾಗ ನೀರು ಹಳೆಯ ಹೊರದಾರಿಯನ್ನು ಹಿಡಿಯುತ್ತದೆ.

ಬಣ್ಣ ಹಾಕಿ ಕೇಳಿದ ಪ್ರಶ್ನೆ

ಈಗ ಮೂರನೆಯ ಪ್ರಶ್ನೆ. ವಾಟರ್ ಸಿಂಕ್ಸಿನಲ್ಲಿ ಇಂಗಿದ ನೀರು ಎಲ್ಲಿಗೆ ಹೋಗುತ್ತದೆ? ಉತ್ತರ ಹೇಳಲು ವಿಜ್ಞಾನಿಯೇ ಬೇಕೆ ಎಂದು ಯಾರಾದರೂ ಕೇಳಬಹುದು. ಮೇಲೆ ಒಂದು ತೊರೆ ಮಾಯವಾಗುತ್ತದೆ. ನೇರವಾಗಿ ಅದರ ಕೆಳಗೆ, ಅದೇ ಒಣಕಣಿವೆಯ ತುದಿಯಲ್ಲಿ, ಬಂಡೆಯ ಬುಡದಿಂದ ಒಂದು ತೊರೆ ಹುಟ್ಟುತ್ತದೆ. ಎರಡೂ ಒಂದೇ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲವೆ? ಬಹುಕಾಲ ಜನ ನಂಬಿದ್ದುದೂ ಹಾಗೆಯೇ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯಾರ್ಕ್‌ಷೈರಿನ ಭೂವಿಜ್ಞಾನಾಸಕ್ತರು ನಂಬಿಕೆಯನ್ನು ಬಿಟ್ಟು ನೀರನ್ನೇ ಕೇಳಲು ನಿರ್ಧರಿಸಿದರು. ಕೇಳುವ ಉಪಾಯ ಇದು: ಇಂಗುವ ಎಡೆಯಲ್ಲಿ ನೀರಿಗೆ ಒಂದು ಗುರುತಿನ ವಸ್ತುವನ್ನು ಬೆರೆಸುವುದು, ಸುತ್ತಲಿನ ಎಲ್ಲ ಚಿಲುಮೆಗಳಲ್ಲಿಯೂ ಅದು ಯಾವಾಗ ಎಲ್ಲಿ ಹೊರಬರುವುದೆಂದು ಕಾಯುವುದು. ಫ್ಲೂರೊಸೀನ್ ಎಂಬ ಬಣ್ಣ ಇದಕ್ಕೆ ಬಹಳ ಉಪಯುಕ್ತ. ಅತ್ಯಲ್ಪ ಪ್ರಮಾಣದಲ್ಲಿದ್ದರೂ ಬೆಳಕಿನಲ್ಲಿ ಹಸುರಾಗಿ ಹೊಳೆಯುತ್ತದೆ. ಅಡಿಗೆಯ ಉಪ್ಪನ್ನೂ ಬಳಸಬಹುದು. ಚಿಲುಮೆಯ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳುಪು ಹೆಚ್ಚಿದರೆ ಉಪ್ಪು ಬಂದಿತೆಂದು ಅರ್ಥ. 1877ರಲ್ಲಿಯೇ ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯಿಂದ ಇಂಗುವ ನೀರು ರೈನ್ ನದಿಯ ಕಡೆಗೆ ಹರಿಯುವ ಆಖ್ ಚಿಲುಮೆಯಲ್ಲಿ ಏಳುವುದನ್ನು ಹೀಗೆಯೇ ಕಂಡುಹಿಡಿಯಲಾಗಿತ್ತು.

ಮಾಲಮ್ಮಿನ ನೀರು ಕೊಟ್ಟ ಉತ್ತರ ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿತ್ತು. ಸರೋವರದ ನೀರಿನ ಮುಖ್ಯಧಾರೆ ಕೋವಿನ ಬುಡದಲ್ಲಿ ಹೊರಬರಲೇ ಇಲ್ಲ! ಅದು ಕೋವನ್ನೂ ಹಳ್ಳಿಯನ್ನೂ ದಾಟಿ, ಹಳ್ಳಿಯ ದಕ್ಷಿಣಕ್ಕೆ ಹುಲ್ಲುಗಾವಲಿನಲ್ಲಿ ಮೆಲ್ಲಗೆ ಉಕ್ಕುವ ಏರ್ ಹೆಡ್ ಎಂಬ ಚಿಲುಮೆಗಳಲ್ಲಿ ಕಾಣಿಸಿಕೊಂಡಿತು. ಹಾಗಾದರೆ ಕೋವಿನಿಂದ ಹುಟ್ಟುವ ಹೊಳೆ ಯಾರದು? ಅದರ ನೀರು ಮುಖ್ಯವಾಗಿ ಬರುವುದು ಸರೋವರದ ತೊರೆಯಿಂದ ಪಶ್ಚಿಮಕ್ಕೆ ದೂರದಲ್ಲಿ, ಬಯಲುಗುಡ್ಡದ ಮೇಲೆ ಹಿಂದೆ ಸೀಸದ ಅದಿರನ್ನು ಕರಗಿಸುತ್ತಿದ್ದ ಕುಲುಮೆಯೊಂದರ ಬಳಿ ಇಂಗುವ ಬೇರೊಂದು ತೊರೆಯಿಂದ. ಆ ಕುಲುಮೆಯ ಹೊಗೆಗೂಡು ಇಂದಿಗೂ ಒಂಟಿಯಾಗಿ ನಿಂತಿದೆ. ನೆಲದಾಳದ ದಾರಿಗಳ ಜಾಲ ನಾವು ನಕಾಶೆಯ ಮೇಲೆ ಎಳೆಯಬಹುದಾದ ಎರಡು ಗೆರೆಗಳಿಗಿಂತ ಬಹಳ ಜಟಿಲವಾದದ್ದು. ಆದರೆ ಎಲ್ಲರಿಗೂ ಸ್ಪಷ್ಟವಾಗಿ ಕಂಡಿದ್ದ ಆ ಉತ್ತರವಂತೂ ತಪ್ಪಾಗಿತ್ತು.

ಅಲೆ ಮುಂದೆ, ನೀರು ಹಿಂದೆ

ಬಣ್ಣವಲ್ಲದೆ ಇನ್ನೊಂದು ಉಪಾಯವೂ ಇಲ್ಲಿ ಸಾಧ್ಯವಾಯಿತು. 1791ರಲ್ಲಿ ಆ ಜಮೀನಿನ ಒಡೆಯರು ಸರೋವರಕ್ಕೆ ಸಣ್ಣ ಕಟ್ಟೆ ಹಾಕಿಸಿ ತೂಬು ಇಡಿಸಿದ್ದರು. ತೂಬನ್ನು ಒಮ್ಮೆಲೇ ತೆರೆದರೆ ತೊರೆಯಲ್ಲಿ ಒಂದು ಸಣ್ಣ ನೆರೆ ಏಳುತ್ತದೆ. ಕೆಳಗಿನ ಯಾವ ಚಿಲುಮೆ ಉಬ್ಬುತ್ತದೆಯೋ ನೋಡಬಹುದು. ವಿಚಿತ್ರವೆಂದರೆ ಉಬ್ಬರ ಬೇಗ ಬರುತ್ತದೆ; ಬಣ್ಣ ತಡವಾಗಿ ಬರುತ್ತದೆ. ಎರಡೂ ಒಂದೇ ದಾರಿಯಲ್ಲಿ ಹೊರಟಿದ್ದರೂ ಹೀಗೇಕೆ?

ತೋಟಕ್ಕೆ ನೀರು ಬಿಡುವ ರಬ್ಬರ್ ಕೊಳವೆಯನ್ನು ನೆನೆಸಿಕೊಳ್ಳೋಣ. ಕೊಳವೆಯಲ್ಲಿ ಮೊದಲೇ ನೀರು ತುಂಬಿದ್ದರೆ, ನಲ್ಲಿಯನ್ನು ತಿರುಗಿಸಿದ ಕ್ಷಣವೇ ಆಚೆಯ ತುದಿಯಲ್ಲಿ ನೀರು ಚಿಮ್ಮುತ್ತದೆ. ಚಿಮ್ಮಿದ್ದು ನಲ್ಲಿಯಿಂದ ಈಗ ಹೊರಟ ನೀರಲ್ಲ. ಕೊಳವೆಯ ತುದಿಯಲ್ಲಿ ಆಗಲೇ ನಿಂತಿದ್ದ ನೀರು. ನಲ್ಲಿಯ ಬಳಿ ಶಾಯಿ ಬೆರೆಸಿದ್ದರೆ ಅದು ಹೊರಬರಲು, ಕೊಳವೆಯೊಳಗಿನ ಹಳೆಯ ನೀರೆಲ್ಲ ಹೊರಹೋಗುವವರೆಗೂ ಕಾಯಬೇಕು. ನೀರು ಕುಗ್ಗದ ವಸ್ತುವಾದ್ದರಿಂದ ಒತ್ತಡ ತತ್‌ಕ್ಷಣ ಸಾಗುತ್ತದೆ, ನೀರು ತನ್ನ ನಡಿಗೆಯಲ್ಲಿಯೇ ಸಾಗುತ್ತದೆ. ಕೊಳವೆ ಅರ್ಧ ಖಾಲಿಯಾಗಿದ್ದರೆ ಈ ಅಂತರ ಬಹಳ ಕಡಮೆಯಾಗುತ್ತದೆ.

ಆದ್ದರಿಂದ ಉಬ್ಬರಕ್ಕೂ ಬಣ್ಣಕ್ಕೂ ನಡುವಣ ಕಾಲದ ಅಂತರ, ಮನುಷ್ಯ ಕಾಣದ ಸುರಂಗಗಳಲ್ಲಿ ನೀರು ಅಂಚಿನವರೆಗೆ ತುಂಬಿದೆಯೇ ಇಲ್ಲವೇ ಎಂಬುದನ್ನು ತಿಳಿಸುತ್ತದೆ. ಎಷ್ಟು ತುಂಬಿದೆಯೆಂಬುದನ್ನೂ ಅಂದಾಜು ಮಾಡಿಸುತ್ತದೆ. ಉದಾಹರಣೆಗೆ, ಹರಿವು ಸೆಕೆಂಡಿಗೆ 100 ಲೀಟರ್ ಇದ್ದು ಬಣ್ಣ ಉಬ್ಬರಕ್ಕಿಂತ 24 ಗಂಟೆ ತಡವಾಗಿ ಬಂದಿತೆಂದರೆ, ಆ 86,400 ಸೆಕೆಂಡುಗಳಲ್ಲಿ ಹೊರಬಿದ್ದ 8640 ಘನ ಮೀಟರ್ ನೀರು ದಾರಿಯಲ್ಲಿ ಮೊದಲೇ ತುಂಬಿತ್ತೆಂದಾಯಿತು. ಒಂದು ತೂಬು, ಒಂದು ಗಡಿಯಾರ, ಒಂದು ಚಿಟಿಕೆ ಬಣ್ಣ, ಇಷ್ಟರಿಂದಲೇ ಬಂಡೆಯೊಳಗಣ ನೀರನ್ನು ಅಳೆಯಬಹುದು! ಕೋವಿನ ಬುಡದಿಂದ ಮುಳುಗುಗಾರರು ಈಚೆಗೆ ಬಹುದೂರ ಈಜಿಹೋಗಿ ನೀರು ತುಂಬಿದ ಸುರಂಗಗಳನ್ನು ಕಣ್ಣಾರೆ ಕಂಡಿದ್ದಾರೆ.

ಶೋಧಕವಿಲ್ಲದ ನೆಲ

ಯಾವ ತೊರೆ ಎಲ್ಲಿ ಏಳುತ್ತದೆಂಬುದನ್ನು ತಿಳಿದು ಆಗಬೇಕಾದುದೇನು ಎಂದು ಕೇಳುವವರೂ ಉಂಟು. ಮರಳುಮಣ್ಣಿನ ನೆಲದಲ್ಲಿ ನೀರು ಕಣಕಣಗಳ ನಡುವೆ ನಿಧಾನವಾಗಿ ಸೋಸಿಹೋಗುತ್ತದೆ. ದಾರಿಯಲ್ಲಿ ಅದರ ಕೊಳೆಯೂ ರೋಗಾಣುಗಳೂ ಬಹುಮಟ್ಟಿಗೆ ನಿಂತುಹೋಗುತ್ತವೆ. ಸುಣ್ಣಕಲ್ಲಿನ ಸುರಂಗದಲ್ಲಿ ಈ ಸೋಸುವಿಕೆ ಇಲ್ಲ. ಮೇಲೆ ಏನು ಇಳಿಯಿತೋ ಕೆಳಗೆ ಹೆಚ್ಚುಕಡಮೆ ಅದೇ ಹೊರಬರುತ್ತದೆ. ಚಿಲುಮೆಯ ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಅದು ನಿರ್ಮಲವೆಂದು ಹೇಳುವಂತಿಲ್ಲ. ಒಬ್ಬ ರೈತ ತನ್ನ ಕೊಟ್ಟಿಗೆಯ ಕೊಳೆಯನ್ನು ಇಂಗುವ ತೊರೆಗೆ ಬಿಟ್ಟರೆ ಅದನ್ನು ಕುಡಿಯುವವರು ಯಾವ ಹಳ್ಳಿಯವರು? ಸತ್ತ ಕುರಿಯನ್ನು ಯಾವ ಹಳ್ಳಕ್ಕೆ ಎಸೆದರೆ ಯಾರ ಬಾವಿಗೆ ಆಪತ್ತು? ನೆಲದ ಇಳಿಜಾರನ್ನು ನೋಡಿ ಇದಕ್ಕೆ ಉತ್ತರ ಹೇಳಹೊರಟವನು, ಮಾಲಮ್ಮಿನಲ್ಲಿ ಹಿಂದಿನವರು ತಪ್ಪಿದಂತೆಯೇ ತಪ್ಪುತ್ತಾನೆ. ಅಲ್ಲಿ ತಪ್ಪಿದ್ದು ಒಂದು ಹೊಳೆಯ ವಂಶಾವಳಿ ಮಾತ್ರ. ಬೇರೆಡೆ ತಪ್ಪಿದರೆ ಜನರ ಆರೋಗ್ಯಕ್ಕೇ ಅಪಾಯ. ಸುಣ್ಣಕಲ್ಲಿನ ನಾಡುಗಳಲ್ಲೆಲ್ಲ ಇಂದು ಬಣ್ಣದ ಪರೀಕ್ಷೆ ನಡೆಯುವುದು ಇದಕ್ಕಾಗಿಯೇ.

ಇನ್ನೊಂದು ಮಾತು. ಕೋವಿನ ನೆತ್ತಿಯಲ್ಲಿ ನಾವು ಕಂಡ ಕಲ್ಲುಹಾಸು ಹಿಮ ಬಯಲುಮಾಡಿದ ಬಂಡೆಯ ಮೇಲೆ ನೀರು ಸಾವಿರಾರು ವರ್ಷ ಮಾಡಿದ ಕೆಲಸ. ಮಳೆ ವರ್ಷಕ್ಕೆ ಕೂದಲ ದಪ್ಪಕ್ಕಿಂತಲೂ ಕಡಮೆ ಕೊರೆದು ರೂಪಿಸಿದ ಇಂತಹ ಕಲ್ಲುಗಳನ್ನು ಇಂಗ್ಲೆಂಡಿನ ಅನೇಕ ಕಡೆ ಕಿತ್ತು, ಮನೆಗಳ ಮುಂದಿನ ಹೂದೋಟಗಳನ್ನು ಅಲಂಕರಿಸಲು ಮಾರುತ್ತಿದ್ದರು. ಒಂದು ಮಧ್ಯಾಹ್ನದಲ್ಲಿ ಕಿತ್ತುದನ್ನು ಮಳೆ ಮತ್ತೆ ಮಾಡಿಕೊಡಬೇಕಾದರೆ ಎಷ್ಟು ಕಾಲ ಬೇಕೆಂಬುದನ್ನು ನಮ್ಮ ಲೆಕ್ಕವೇ ಹೇಳುತ್ತದೆ. 1981ರ ವನ್ಯಜೀವಿ ಮತ್ತು ಗ್ರಾಮಪ್ರದೇಶ ಕಾಯಿದೆಯಲ್ಲಿ ಇವುಗಳ ರಕ್ಷಣೆಗಾಗಿಯೇ ಪ್ರತ್ಯೇಕವಾದ ಅವಕಾಶ ಮಾಡಲಾಯಿತು.

ಈಗ ನಾವು ಮತ್ತೆ ವಾಟ್ಲೋಸ್ ಕಣಿವೆಯ ತಳಕ್ಕೆ ಬರೋಣ. ಅಲ್ಲಿ ಈಗಲೂ ನೀರಿನ ಸದ್ದಿಲ್ಲ. ಆದರೆ ಆ ಮೌನಕ್ಕೆ ನಾವು ಮೊದಲು ಕೊಟ್ಟ ಅರ್ಥ ಬೇರೆ, ಈಗ ಕೊಡುವ ಅರ್ಥ ಬೇರೆ. ಹೊಳೆ ಸತ್ತಿಲ್ಲ, ಕಲ್ಲಿನೊಳಗಣ ಕತ್ತಲೆಯಲ್ಲಿ ತನ್ನದೇ ದಾರಿ ಹಿಡಿದು ಹೋಗುತ್ತಿದೆ. ಅದು ಎಲ್ಲಿ ಏಳುತ್ತದೆಂಬುದನ್ನು ಕಂಡವರು, ಎಲ್ಲರೂ ಬಲ್ಲ ಉತ್ತರವನ್ನು ಒಪ್ಪದೆ, ಹುಲ್ಲುಗಾವಲಿನ ಒಂದು ಸಾಧಾರಣ ಚಿಲುಮೆಯ ಬಳಿಯೂ ಬಣ್ಣಕ್ಕಾಗಿ ಕಾದು ಕುಳಿತವರು. ಕೋವಿನ ಬುಡದಲ್ಲಿ ಮಾತ್ರ ಕಾದಿದ್ದರೆ ಅವರಿಗೆ ಸರೋವರದ ನೀರಿನ ಮುಖ್ಯಧಾರೆ ಸಿಗುತ್ತಲೇ ಇರಲಿಲ್ಲ.